ಧಾನೋರಿಯ ಗಾಳ

ಬಾಡಿಗೆಗೆ ಕೊಡಲೆಂದು ಮನೆ ಕೊಳ್ಳುವವರು ಮೊದಲು ಕೆಳಗಿನ ಮನೆಯವರ ಕದ ತಟ್ಟಬೇಕು ಎಂದು ನಾನು ಹೇಳಿದರೆ ಜನ ನಗುತ್ತಾರೆ. ನಗಲಿ ಬಿಡಿ. ಫ್ಲ್ಯಾಟು ನೋಡಲು ನನ್ನನ್ನು ಜೊತೆಗೆ ಕರೆದೊಯ್ಯುವ ನೆಂಟರು, ಶಾಲೆಯ ಸಹೋದ್ಯೋಗಿಗಳು ಮುಂದಿನ ಕೋಣೆಯ ಹೊಳೆಯುವ ಟೈಲ್ಸು ನೋಡಿ ಬಾಯಿ ಬಿಡುತ್ತಿರುವಾಗ ನಾನು ಬಚ್ಚಲಿನ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತಿರುತ್ತೇನೆ. ಗೋಡೆ ತಣ್ಣಗಿದ್ದರೆ ಅದು ಒಳಗೊಳಗೇ ನೀರು ಕುಡಿಯುತ್ತಿದೆ ಎಂದರ್ಥ. ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಆ ಗೋಡೆಯನ್ನೇ ವಿಚಾರಿಸಬೇಕು, ಉಳಿದ ಮೂರನ್ನಲ್ಲ. ಏಜೆಂಟು 'ಇಲ್ಲಿ ನೀರಿನ ತೊಂದರೆಯೇ ಇಲ್ಲ ಮೇಡಂ' ಅಂದ ಕೂಡಲೇ ನಾನು ಕೆಳಗಿಳಿದು ಹೋಗಿ ಗೇಟಿನ ಬಳಿ ಟ್ಯಾಂಕರಿನ ಚಕ್ರದ ಗುರುತು ಹುಡುಕುತ್ತೇನೆ. ಬಾಡಿಗೆ ವರ್ಷವಿಡೀ ಬರುತ್ತದೆಂದು ಲೆಕ್ಕ ಹಾಕಬೇಡಿ, ಬಾಡಿಗೆದಾರ ಕೊಟ್ಟ ಡಿಪಾಸಿಟ್ಟು ನಿಮ್ಮ ದುಡ್ಡಲ್ಲ, ಬ್ಯಾಂಕು ಯಾವ ಮನೆಗೆ ಸಾಲ ಕೊಡಲು ಹಿಂದೆ ಮುಂದೆ ನೋಡುತ್ತದೋ ಆ ಮನೆಯ ಮೆಟ್ಟಿಲನ್ನೇ ಹತ್ತಬೇಡಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. 'ನಿಮಗೆ ಯಾರ ಮೇಲೂ ನಂಬಿಕೆಯೇ ಇಲ್ಲವಲ್ಲ' ಎಂದು ಒಬ್ಬರು ಮುಖ ಊದಿಸಿಕೊಂಡು ಹೋದರು. ನಿಜವೇ. ನನಗೆ ನನ್ನ ನೆನಪಿನ ಮೇಲೂ ಪೂರ್ತಿ ನಂಬಿಕೆಯಿಲ್ಲ. ಇದನ್ನೆಲ್ಲ ಕಲಿಸಿದ್ದು ಯೆರವಡಾದ ಒಂದು ಖೋಲಿ, ಮತ್ತು ಅದರ ಹೊಸ್ತಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದ ನನ್ನ ಅವ್ವ.

ಖೋಲಿ ಎಂದರೆ ಕೋಣೆ. ಪುಣೆಯಲ್ಲಿ ನಮ್ಮಂಥವರ ಮನೆಗಳೆಲ್ಲ ಒಂದೇ ಕೋಣೆಯವಾದ್ದರಿಂದ ಮನೆಗೂ ಖೋಲಿ ಎಂದೇ ಹೆಸರು. ನಮ್ಮದರಲ್ಲಿ ಬಾಗಿಲಿನ ಪಕ್ಕ ಅಡುಗೆಯ ಕಟ್ಟೆ, ಅದರ ಪಕ್ಕ ಮೈತೊಳೆಯಲು ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ, ಎದುರಿಗೆ ಹಾಸಿಗೆ ಪೇರಿಸಿದ ಟ್ರಂಕು. ಕಿಟಕಿ ಇರಲಿಲ್ಲ. ಬಾಗಿಲು ಮುಚ್ಚಿದರೆ ಹಗಲಲ್ಲೂ ದೀಪ ಹಚ್ಚಬೇಕು. ಅವ್ವ ರೊಟ್ಟಿ ಬಡಿಯುವಾಗ ಎದ್ದ ಜೋಳದ ಹಿಟ್ಟು ನನ್ನ ಪಾಟಿಚೀಲದ ಮೇಲೆ ಕೂರುತ್ತಿತ್ತು. ಶಾಲೆಯಲ್ಲಿ ಮರಾಠಿ ಹುಡುಗಿಯರು ಅದನ್ನು ಪೌಡರ್ ಎಂದು ತಿಳಿದು ಮೂಸಿ ನೋಡುತ್ತಿದ್ದರು. ಅಪ್ಪ ಯಾದಗಿರಿ ಕಡೆಯವನು, ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬು ಹಾಕುವ ಮುಂಚೆ ಹಲಗೆ ಬಡಿದು, ಕಂಬ ಕೊಟ್ಟು ಅಚ್ಚು ಕಟ್ಟುವುದು ಅವನ ಕಸುಬು. ನಮ್ಮ ಸುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಎಷ್ಟೋ ಜನರ ತಲೆಯ ಮೇಲಿನ ಸೂರನ್ನು ಅಪ್ಪ ತನ್ನ ಹಲಗೆಗಳ ಮೇಲೆ ಹೊತ್ತು ನಿಲ್ಲಿಸಿದ್ದ. ಒಂದು ಬೇಸಿಗೆಯಲ್ಲಿ ಉಳಿದ ಕಬ್ಬಿಣ, ಬೇಡಿ ತಂದ ಹಲಗೆ, ನಾಲ್ಕು ಜನ ಊರವರ ಕೈ ಸೇರಿ ನಮ್ಮ ಖೋಲಿಯ ಮೇಲೂ ಇನ್ನೊಂದು ಖೋಲಿ ಎದ್ದಿತು. ಅದಕ್ಕೆ ಕಿಟಕಿ ಇತ್ತು. ಕಿಟಕಿಯಿಂದ ನೋಡಿದರೆ ಯೆರವಡಾ ಜೈಲಿನ ಉದ್ದ ಗೋಡೆ, ಅದರಾಚೆ ಬೇವಿನ ಮರಗಳು. ನಾನು ಮಲಗುವ ಮೂಲೆಯನ್ನು ಆಗಲೇ ಆರಿಸಿಕೊಂಡಿದ್ದೆ. ಅವ್ವ ಮೇಲೆ ಹೋಗಿ ಒಲೆ ಹೂಡಿ ಹಾಲುಕ್ಕಿಸಿದಳು, ಆಮೇಲೆ ಹಾಲಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಕಬ್ಬಿಣದ ಏಣಿ ಇಳಿದು ಕೆಳಗೆ ಬಂದಳು.

"ನಾವು ಮ್ಯಾಲ ಯಾವಾಗ ಹೋಗೂದವ್ವಾ?"

"ನಾವ್ಯಾಕ ಹೋಗೂದು? ಮ್ಯಾಲಿಂದು ಬಾಡಿಗಿ ಖೋಲಿ."

"ಕಿಟಕಿ ಅದ ಅಲ್ಲಿ."

"ಅದಕ್ಕ ಬಾಡಿಗಿ ಬರ್ತದ. ಹಾಲ ಕೊಡೂ ಎಮ್ಮಿ ಮ್ಯಾಲ ಯಾರರ ಹಾಸಿಗಿ ಹಾಸ್ಕೊಂಡು ಮಲಗ್ತಾರೇನ? ಹಿಂಡ್ಕೋಬೇಕು, ಸುಮ್ನಿರಬೇಕು."

ನನಗೆ ಎಂಥ ಸಿಟ್ಟು ಬಂತೆಂದರೆ ಆ ಹಾಲು ಕುಡಿಯಲಿಲ್ಲ. ನಮ್ಮ ಮನೆಯ ಒಳ್ಳೆಯ ಕೋಣೆ ನಮಗಲ್ಲ ಎಂಬುದು ನನ್ನ ಮನಸ್ಸಿಗೆ ಆ ವಯಸ್ಸಿನಲ್ಲೇ ನಾಟಿತು. ಇವತ್ತಿಗೂ ನನ್ನ ಎರಡು ಫ್ಲ್ಯಾಟುಗಳಲ್ಲಿ ಬಾಡಿಗೆಯವರಿದ್ದಾರೆ. ಗಾಳಿ ಬೆಳಕು ಎಲ್ಲ ಅವರಿಗೆ. ನಾನಿರುವ ಮನೆಯ ಅಡುಗೆಕೋಣೆ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದೆ.

ಅವ್ವನ ಸಂಶಯದ ಬಗ್ಗೆ ಹೇಳಲೇಬೇಕು. ಹಾಲಿನವನು ಸುರಿಯುವಾಗ ಆಕೆ ಹಾಲು ನೋಡುತ್ತಿರಲಿಲ್ಲ, ಅವನ ಹೆಬ್ಬೆರಳು ಮಾಪಿನೊಳಗೆ ಎಷ್ಟು ಇಳಿದಿದೆ ಎಂದು ನೋಡುತ್ತಿದ್ದಳು. ವಿದ್ಯುತ್ ಮೀಟರಿನ ಚಕ್ರ ತಿರುಗುವುದನ್ನು ಕಾಯುತ್ತ ನಿಲ್ಲುತ್ತಿದ್ದಳು, ಎಲ್ಲ ದೀಪ ಆರಿಸಿ. ದೇವರ ಪ್ರಸಾದ ಕೊಟ್ಟವರನ್ನೂ 'ಯಾವ ಗುಡೀದು?' ಎಂದು ಕೇಳಿಯೇ ಬಾಯಿಗೆ ಹಾಕಿಕೊಳ್ಳುವವಳು. ಮೇಲಿನ ಖೋಲಿಗೆ ಬಾಡಿಗೆಗೆ ಬಂದವನು ಪ್ರದೀಪ, ಮಂಡ್ಯ ಕಡೆಯವನು, ಗಾಜಿನ ಕಟ್ಟಡದಲ್ಲಿ ಹೊಸದಾಗಿ ಕಂಪ್ಯೂಟರ್ ಕೆಲಸಕ್ಕೆ ಸೇರಿದವನು. 'ಆಂಟಿ, ವಾಟರ್ ಪ್ರೆಷರ್ ಸ್ವಲ್ಪ ಕಮ್ಮಿ ಇದೆ' ಎಂದು ಅವನು ಹೇಳಿದರೆ ಅವನು ಹೋದ ಮೇಲೆ ಅವ್ವ 'ಇದೆಯಂತ, ಇದೆ! ಅದ ಅನ್ನಾಕ ಏನು ನಾಲಿಗಿ ತಿರಗಂಗಿಲ್ಲೇನು?' ಎಂದು ಅಣಕಿಸುತ್ತಿದ್ದಳು. ಒಂಟಿ ಹುಡುಗ ಎಂದು ಹೇಳಿ ಖೋಲಿ ಹಿಡಿದವನು ಯಾರನ್ನೋ ಒಳಗೆ ಇಟ್ಟುಕೊಂಡಿದ್ದಾನೆ ಎಂಬುದು ಆಕೆಯ ಗುಮಾನಿ. ನಮ್ಮ ಛಾವಣಿಯೇ ಅವನ ನೆಲವಾದ್ದರಿಂದ ಅವನ ಹೆಜ್ಜೆಯೆಲ್ಲ ನಮಗೆ ಕೇಳುತ್ತಿತ್ತು. ಒಂದು ಭಾನುವಾರ ಮೇಲೆ ಧಪಧಪ ಸದ್ದು ನಿಲ್ಲಲೇ ಇಲ್ಲ. 'ಇದು ಒಬ್ಬರ ಕಾಲಲ್ಲ' ಎಂದು ಅವ್ವ ಲಟ್ಟಣಿಗೆ ಹಿಡಿದೇ ಏಣಿ ಹತ್ತಿದಳು, ನಾನು ಹಿಂದೆ. ಪ್ರದೀಪ ಪ್ಯಾಂಟು ಮಡಚಿಕೊಂಡು ಬಕೀಟಿನಲ್ಲಿ ನಿಂತು ಚಾದರ ತುಳಿಯುತ್ತಿದ್ದ. ಪಾಪ, ಲಟ್ಟಣಿಗೆ ನೋಡಿ ಅವನ ಮುಖ ಬಿಳಿಚಿತು. ಅವ್ವ ಲಟ್ಟಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, 'ಸಾಬಾಣ ನೀರು ಕೆಳಗ ಸೋರಬಾರದು ನೋಡಪಾ' ಎಂದು ಹೇಳಿ ಇಳಿದು ಬಂದಳು. ಅಂದಿನಿಂದ ಅವನಿಗೆ ವಾರಕ್ಕೊಮ್ಮೆ ಪುಂಡಿಪಲ್ಯ ಹೋಗತೊಡಗಿತು, ಆದರೆ ಹೆಜ್ಜೆಗೆ ಕಿವಿಗೊಡುವುದು ನಿಲ್ಲಲಿಲ್ಲ.

ಇಂಥ ಅವ್ವ ಕಣ್ಣು ಮುಚ್ಚಿ ನಂಬುತ್ತಿದ್ದ ಒಂದೇ ಒಂದು ಜೀವ ಅಂದರೆ ಆಕೆಯ ತಮ್ಮ, ನನ್ನ ಮಲ್ಲೇಶಿ ಮಾಮಾ. ಅವನು ಕೆಲವು ವರ್ಷ ಬಾರಾಮತಿಯ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ಆಮೇಲೆ ಪುಣೆಗೆ ಬಂದು ಹಡಪ್ಸರದಲ್ಲಿ ಬಾಡಿಗೆಗಿದ್ದ. 'ಅಲ್ಲಿಂದ ಸಕ್ಕರಿ ಬಾಯಿಗಿ ಹಚ್ಕೊಂಡು ಬಂದಾನ' ಎಂದು ಅವ್ವ ನಗುತ್ತ ಹೇಳುತ್ತಿದ್ದಳು. ಊರಿನಲ್ಲಿ ಅಜ್ಜ ಅಜ್ಜಿ ಹೋಗಿ ಮನೆ ಬಿದ್ದು ಎಷ್ಟೋ ಕಾಲವಾಗಿತ್ತು. ಆದರೂ ನಾಗರಪಂಚಮಿ ಬಂದರೆ ಅವ್ವನಿಗೆ ತವರು ತಪ್ಪುತ್ತಿರಲಿಲ್ಲ. ಮಾಮಾ ಡಬ್ಬಿ ತುಂಬ ಉಂಡಿ ಹೊತ್ತು ತರುತ್ತಿದ್ದ, ಶೇಂಗಾ ಉಂಡಿ, ಎಳ್ಳುಂಡಿ, ನನಗೆಂದೇ ಬೇರೆ ಗಂಟಿನಲ್ಲಿ ರವೆ ಉಂಡಿ. ಅವ್ವ ಇಳಕಲ್ ಸೀರೆ ಉಟ್ಟು, ಸಿಟಿ ಬಸ್ಸಿನಲ್ಲಿ ತಮ್ಮನ ಪಕ್ಕ ಕೂತು, ಹಡಪ್ಸರದ ಆ ಬಾಡಿಗೆ ಖೋಲಿಗೆ ತವರಿಗೆ ಹೋಗಿ ಬರುತ್ತಿದ್ದಳು. ಒಂದೇ ದಿನ. ಆ ಒಂದು ದಿನ ಆಕೆ ಯಾರ ಮೇಲೂ ಗುಮಾನಿ ಪಡುತ್ತಿರಲಿಲ್ಲ, ಬಸ್ಸಿನ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನೂ ನೋಡದೆ ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

ಕೆಲವು ವರ್ಷಗಳಲ್ಲಿ ಮಾಮಾ ಮನೆ ಕೊಡಿಸುವ ಏಜೆಂಟಾದ. ಕಿಸೆಯಲ್ಲಿ ಎರಡು ಪೆನ್ನು, ಬಿಳಿ ಅಂಗಿ. ಶ್ರಾವಣಕ್ಕೆ ಸ್ವಲ್ಪ ಮುಂಚೆ ಒಂದು ದಿನ ಬಂದು ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ. ಊರಂಚಿನ ಧಾನೋರಿಯಲ್ಲಿ ಹೊಸ ಬಿಲ್ಡಿಂಗು, ರಸ್ತೆಗೆ ಹತ್ತಿದ ಫ್ಲ್ಯಾಟು, ಎಲ್ಲರೂ ಕೇಳುವುದಕ್ಕಿಂತ ಕಡಿಮೆಗೆ ಬರುತ್ತದೆ, ಪ್ರದೀಪನಂಥ ಹುಡುಗರು ಬಾಡಿಗೆಗೆ ಸಾಲು ನಿಲ್ಲುತ್ತಾರೆ ಎಂದ.

"ಭಾವಾ, ನೀವು ಕಿಸೆದಾಗ ಕೈ ಹಾಕೂದ ಬ್ಯಾಡ. ಬಾಡಿಗಿ ಬರ್ತದ, ಕಂತು ಹೋಗ್ತದ. ಕಂತು ತೀರಿದ ಮ್ಯಾಲ ಫ್ಲ್ಯಾಟ್ ನಿಮ್ಮದ. ಫುಕಟ್ ಸಿಕ್ಕಂಗ ನೋಡ್ರಿ."

"ಬ್ಯಾಂಕಿನವರು ನನ್ನಂಥವಗ ಕೊಡ್ತಾರೇನಪಾ?" ಎಂದ ಅಪ್ಪ.

"ಬ್ಯಾಂಕ್ ಯಾಕ್ರಿ ಬೇಕು? ಇಲ್ಲದ ತಕರಾರು ತಗೀತಾರ ಅವರು. ಕ್ಯಾಂಪ್ ಪ್ಯಾಟ್ಯಾಗ ನಮ್ಮ ಪೈಕಿ ಫೈನಾನ್ಸಿನವರು ಅದಾರ. ನಿಮ್ಮ ಎರಡೂ ಖೋಲಿ ಕಾಗದ ಅವರ ಹಂತ್ಯಾಕ ಇಡೂದು, ಅಷ್ಟ."

ಒಲೆಯ ಮುಂದಿದ್ದ ಅವ್ವ ತಿರುಗಿ ನೋಡಿದ್ದು ಆಗಲೇ. ಆಕೆಯ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಅರ್ಧ ಬಿತ್ತು, ಅರ್ಧ ಹೊರಗೆ.

"ಬಾಡಿಗಿ ಬರಲಿಲ್ಲಂದ್ರ?"

"ಬರ್ತದ ಅಕ್ಕಾ."

"ನಾ ಕೇಳಿದ್ದು ಬರಲಿಲ್ಲಂದ್ರ ಏನಂತ."

ಮಾಮಾ ನಕ್ಕ. ಉತ್ತರ ನಮಗೆಲ್ಲ ಗೊತ್ತಿತ್ತು, ನನಗೂ. ಬಾಡಿಗೆ ನಿಂತರೆ ಕಂತು ನಿಲ್ಲುತ್ತದೆ, ಕಂತು ನಿಂತರೆ ಕ್ಯಾಂಪಿನವರು ಬಂದು ಮೇಲಿನ ಖೋಲಿಯನ್ನೂ ಕೆಳಗಿನ ಖೋಲಿಯನ್ನೂ ಎತ್ತಿಕೊಳ್ಳುತ್ತಾರೆ. ಟ್ರಂಕು ಹೊತ್ತುಕೊಂಡು ನಾವು ಎಲ್ಲಿಗೆ ಹೋಗುವುದು?

ಅಪ್ಪನನ್ನು ಹಗುರ ಮಾಡಿ ಮಾತಾಡಲಾರೆ. ಅವನಿಗೆ ದುರಾಸೆ ಇರಲಿಲ್ಲ, ಆಸೆ ಇತ್ತು. ಬೇರೆಯವರ ಲಿಫ್ಟಿನ ಗುಂಡಿಗೆ ಹಲಗೆ ಬಡಿದು ಬಡಿದು, ಲಿಫ್ಟು ಓಡತೊಡಗಿದ ಮೇಲೆ ಅದರೊಳಗೆ ಕಾಲಿಡಲು ವಾಚ್‌ಮನ್ ಬಿಡದೆ ಅಪಮಾನ ಉಂಡವನು. ತಾನು ಕಟ್ಟಿದಂಥದೇ ಒಂದು ಬಿಲ್ಡಿಂಗಿನಲ್ಲಿ ತನ್ನ ಹೆಸರಿನ ಬೋರ್ಡು ಇರಬೇಕು, ಬಾಡಿಗೆ ವಸೂಲಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಬೇಕು ಎಂದು ಅವನಿಗೆ ಬಹಳ ಇತ್ತು. ಹೋಗಿ ಆ ಫ್ಲ್ಯಾಟು ನೋಡಿ ಬಂದ. ಸ್ಲ್ಯಾಬಿಗೆ ಸುತ್ತಿಗೆಯಿಂದ ಬಡಿದು ನೋಡಿದೆ, ಗಟ್ಟಿ ಅದ, ಕಾಲಂ ನೆಟ್ಟಗವ, ಮುಂದಿನ ಗೋಡಿ ಹೊಸಾದು, ಒಳಗ ಅಡಿಗಿ ಕಟ್ಟಿಗೆ ಕರೀ ಕಲ್ಲು ಹಾಕ್ಯಾರ ಎಂದು ಊಟದ ಹೊತ್ತಿಗೆ ವರ್ಣಿಸಿದ. ಅವ್ವ ಅವನ ತಾಟಿಗೆ ಶೇಂಗಾ ಹಿಂಡಿ ಹಾಕಲೇ ಇಲ್ಲ. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ರೊಟ್ಟಿಯ ಜೊತೆಗೆ ಜಗಳವೂ ಬೇಯುತ್ತಿತ್ತು. 'ನಿನಗ ನಿನ್ನ ತಮ್ಮನ ಮ್ಯಾಲೂ ಸಂಶ್ಯಾ ಏನ?' ಎಂದು ಅಪ್ಪ. 'ತಮ್ಮನ ಮ್ಯಾಲಲ್ರಿ, ಅವನ ಹಿಂದ ನಿಂತವರ ಮ್ಯಾಲ' ಎಂದು ಅವ್ವ. ಮೇಲಿನಿಂದ ಪ್ರದೀಪನನ್ನು ಕರೆದು, ಇಂಥ ಕಡೆ ಫ್ಲ್ಯಾಟಿದ್ದರೆ ನೀನು ಹೋಗುತ್ತೀಯಾ ಎಂದು ಅವ್ವ ಕೇಳಿದಳು. 'ಲಿಫ್ಟ್ ಇದ್ರೆ ಖಂಡಿತ ಹೋಗ್ತೀನಿ ಆಂಟಿ' ಎಂದ ಆ ಪುಣ್ಯಾತ್ಮ. ಅವನೂ ಮಾಮಾನ ಜೊತೆ ಸೇರಿದ್ದಾನೆ ಎಂದು ಆ ವಾರ ಅವನಿಗೆ ಪುಂಡಿಪಲ್ಯ ನಿಂತಿತು. ಕೊನೆಗೆ ಅಪ್ಪ ಖಡಾಖಂಡಿತ ಹೇಳಿಬಿಟ್ಟ: ಪಂಚಮಿಯ ಮರುದಿನ ಕ್ಯಾಂಪಿಗೆ ಹೋಗಿ ಕಾಗದ ಕೊಡುವುದೇ.

ಪಂಚಮಿಯ ಹಿಂದಿನ ದಿನ ಅವ್ವ ಅಪ್ಪ ಕೆಲಸಕ್ಕೆ ಹೋಗುವುದನ್ನೇ ಕಾದು, ನನ್ನನ್ನು ಶಾಲೆ ತಪ್ಪಿಸಿ, ಧಾನೋರಿಗೆ ಕರೆದುಕೊಂಡು ಹೋದಳು. ಅವ್ವನ ಮರಾಠಿ ಅಂದರೆ ತರಕಾರಿ ಚೌಕಾಸಿಗೆ ಸಾಕಾಗುವಷ್ಟು, ಉಳಿದದ್ದಕ್ಕೆ ನಾನು. ಜಿನುಗು ಮಳೆ. ಬಿಲ್ಡಿಂಗಿನ ನೆಲಮಟ್ಟದಲ್ಲಿ ಮೂರ್ನಾಲ್ಕು ಬಾಗಿಲುಗಳಿದ್ದವು, ಮಾಮಾ ಹೇಳಿದ್ದು ಅವುಗಳಲ್ಲಿ ತುದಿಯದು. ಬೀಗ ಹಾಕಿತ್ತು. ವಾಚ್‌ಮನ್ ಒಬ್ಬ ಸ್ಟೂಲಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಅವ್ವ ನನ್ನ ಭುಜ ಹಿಡಿದು ಮುಂದೆ ತಳ್ಳಿದಳು. ಈ ಫ್ಲ್ಯಾಟು ಬಾಡಿಗೆಗೆ ಕೊಡಲು ಹೇಗೆ, ಇದರಲ್ಲಿ ಯಾರಾದರೂ ಇದ್ದರಾ ಎಂದು ನಾನು ಶಾಲೆಯ ಮರಾಠಿಯಲ್ಲಿ ಕೇಳಿದೆ. ಅವನು ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದ.

"ಫ್ಲ್ಯಾಟ್ ಕುಠಲಾ? ಅಹೋ ಬಾಯಿ, ಹಾ ಗಾಳಾ ಆಹೆ, ಗಾಳಾ!"

ಅವ್ವ ನನ್ನ ಭುಜ ಗಟ್ಟಿಯಾಗಿ ಅದುಮಿದಳು. ಅವನು ಇನ್ನೇನೋ ಹೇಳುತ್ತಿದ್ದ, ಆಕೆ ಕೇಳಿಸಿಕೊಳ್ಳಲಿಲ್ಲ. ನನ್ನನ್ನು ದರದರ ಎಳೆದುಕೊಂಡು ರಸ್ತೆಗೆ ಬಂದಳು.

"ಕೇಳಿದೆಲ್ಲ? ಗಾಳ ಅಂದ ಅಂವಾ. ತಾನಾಗೇ ಅಂದ! ಫ್ಲ್ಯಾಟ್ ಎಲ್ಲೀದು ಅಕ್ಕಾ, ಇದು ಗಾಳ ಅದ, ಅಂತ."

"ಮೀನು ಹಿಡಿಯೂ ಗಾಳ ಏನವ್ವಾ?"

"ಮತ್ಯಾವ ಗಾಳ? ಮರಾಠಿದಾಗ ಏನಂತಾರ ಅದಕ್ಕ?"

ನಮ್ಮ ಮರಾಠಿ ಪುಸ್ತಕದಲ್ಲಿ ಮೀನುಗಾರನ ಪಾಠವೊಂದಿತ್ತು. ಅದರಲ್ಲಿ ಗಾಳಕ್ಕೆ 'ಗಳ' ಎಂದಿತ್ತು. ನಾನು ಭಾರಿ ಜಂಬದಿಂದ ಹೇಳಿದೆ: "ಗಳ ಅಂತಾರವ್ವಾ. ಅದ ಇದು." ನನ್ನ ವಿದ್ಯೆಯ ಮೇಲೆ ಅವ್ವನಿಗೆ ಯಾವತ್ತೂ ಅಷ್ಟು ಭರವಸೆ ಹುಟ್ಟಿರಲಿಲ್ಲ. ಬಸ್ಸಿನ ತುಂಬ ಆಕೆ ಒಂದೇ ಮಾತು ಗೊಣಗುತ್ತ ಬಂದಳು: ಕಾವಲು ಕಾಯುವವನಿಗೂ ಗೊತ್ತು, ನಮ್ಮ ಮನೆಯ ಗಂಡಸಿಗೆ ಮಾತ್ರ ಗೊತ್ತಿಲ್ಲ.

ಸಂಜೆ ಅಪ್ಪ ಕೈಕಾಲು ತೊಳೆದು ಚಹಾದ ಬಟ್ಟಲು ಹಿಡಿದಿದ್ದೇ ತಡ, ಅವ್ವ ಎದುರು ಕೂತು ಎಲ್ಲ ಹೇಳಿದಳು. ಧಾನೋರಿಗೆ ಹೋದದ್ದು, ವಾಚ್‌ಮನ್ ಕರುಣೆ ತೋರಿ ಎಚ್ಚರಿಸಿದ್ದು, ಇದು ಗಾಳ ಎಂದು ಬಾಯಿಬಿಟ್ಟು ಹೇಳಿದ್ದು. ಸಾಕ್ಷಿಗೆ ನಾನು, ನನ್ನ ಮೀನುಗಾರ. ಅಪ್ಪ ಮೊದಲು ಸಿಟ್ಟಾದ, ಆಮೇಲೆ ಅವನ ತುಟಿ ಅದುರಿತು, ಆಮೇಲೆ ಚಹಾ ಕೆಳಗಿಟ್ಟು ನಗತೊಡಗಿದ. ಅಂಥ ನಗು ನಾನು ಅವನ ಬಾಯಲ್ಲಿ ಕೇಳಿರಲಿಲ್ಲ. ಗೋಡೆಗೆ ಒರಗಿದ, ಹೊಟ್ಟೆ ಹಿಡಿದುಕೊಂಡ, ಕಣ್ಣಲ್ಲಿ ನೀರು ಬಂತು.

"ಏ ಹುಚ್ಚೀ! ಮೀನದ ಗಾಳಲ್ಲ ಅದು. ಇಷ್ಟು ವರ್ಷ ಪುಣೆದಾಗ ಇದ್ದೀ, ಅಷ್ಟೂ ತಿಳೀದಿಲ್ಲೇನ? ಗಾಳಾ ಅಂದ್ರ ಅಂಗಡಿ. ಶಟರ್ ಹಾಕ್ತಾರಲ್ಲ, ದುಕಾನದ ಜಾಗಾ. ಅದಕ್ಕ ಗಾಳಾ ಅಂತಾರ ಇವರು. ಮನೀ ಅಲ್ಲ, ಅಂಗ..."

ನಗು ಅಲ್ಲಿಗೇ ನಿಂತಿತು. ಬಾಯಿ ತೆರೆದೇ ಇತ್ತು. ಅವನು ಹೇಳಿದ ಮಾತು ಅವನ ಕಿವಿಗೇ ಆಗ ಬಿದ್ದಂತಿತ್ತು.

"ಮುಂದಿನ ಗೋಡಿ ಹೊಸಾದಿತ್ತು," ಎಂದ ಮೆಲ್ಲಗೆ. "ಎರಡೂ ಕಾಲಂ ನಡುವ. ಬರೇ ಅದೊಂದ ಹೊಸಾದು."

"ಅಂದ್ರ?"

"ಶಟರ್ ತಗದು ಗೋಡಿ ಕಟ್ಯಾರ. ನಕ್ಷೆದಾಗ ಅದು ಅಂಗಡಿ. ಮನೀ ಅಂತ ಮಾರಾಕತ್ತಾರ."

ಆಮೇಲೆ ಅವನು ಒಂದೊಂದಾಗಿ ಹೇಳುತ್ತ ಹೋದ, ಅವ್ವನಿಗಲ್ಲ, ತನಗೇ. ಅದಕ್ಕೇ ಬ್ಯಾಂಕು ಬೇಡವೆಂದದ್ದು. ಅಂಗಡಿಗೆ ಮನೆಸಾಲ ಸಿಗುವುದಿಲ್ಲ. ಲೈಟು, ಮನೆಕಂದಾಯ ಎಲ್ಲ ಅಂಗಡಿಯ ದರದಲ್ಲಿ ಬರುತ್ತದೆ. ಮೇಲಿನ ಫ್ಲ್ಯಾಟಿನವರು ಒಂದು ಅರ್ಜಿ ಕೊಟ್ಟರೆ ಸಾಕು, ಒಳಗಿರುವ ಬಾಡಿಗೆದಾರ ಗಂಟುಮೂಟೆ ಕಟ್ಟಬೇಕಾಗುತ್ತದೆ. ಆಗ ಬಾಡಿಗೆ ಎಲ್ಲಿಂದ, ಕಂತು ಎಲ್ಲಿಂದ. ಜೀವಮಾನವಿಡೀ ಕಟ್ಟಡ ಕಟ್ಟಿದವನು ಸ್ಲ್ಯಾಬಿಗೆ ಸುತ್ತಿಗೆ ಬಡಿದು ಬಂದಿದ್ದ, ಗೋಡೆ ಯಾಕೆ ಹೊಸದು ಎಂದು ಕೇಳಿರಲಿಲ್ಲ. ಅವ್ವ ಗೆದ್ದ ಮುಖ ಮಾಡುತ್ತಾಳೆಂದು ನಾನು ಕಾದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, 'ಮಲ್ಲೇಶಿಗಿ ಗೊತ್ತಿಲ್ಲೇಳು, ಅವಗ ಗೊತ್ತಿರಲಿಕ್ಕಿಲ್ಲ' ಎಂದಳು. ಸಂಶಯ ನಿಜವಾಗಿದ್ದಕ್ಕೆ ಆಕೆಗೆ ಎಳ್ಳಷ್ಟೂ ಖುಷಿ ಆಗಲಿಲ್ಲ.

ಮರುದಿನ ಮಾಮಾ ಬಂದ. ಡಬ್ಬಿ ತುಂಬ ಉಂಡಿ, ನನ್ನ ರವೆ ಉಂಡಿಯ ಗಂಟು ಬೇರೆ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ತವರಿಗೆ ಹೊರಟವಳ ಹಾಗೆಯೇ. ಅವನು ಉಂಡಿಯ ತಾಟು ಆಕೆಯ ಮುಂದಿಟ್ಟ. ಪಂಚಮಿಯ ಉಂಡಿಯನ್ನು ತವರಿನವರ ಮುಂದೆ ಮುರಿದು ಬಾಯಿಗೆ ಹಾಕಿಕೊಳ್ಳುವುದು ಪದ್ಧತಿ, ಮಾತು ಆಮೇಲೆ. ಅವ್ವ ಒಂದು ಉಂಡಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಮುರಿಯಲಿಲ್ಲ. ನಾನು ಗಂಟಿಗೆ ಕೈ ಹಾಕಿದ್ದೆ, ಕಣ್ಣಲ್ಲೇ ತಡೆದಳು.

"ಮಲ್ಲೇಶಿ, ಅದು ಮನಿಯೋ ಗಾಳಾನೋ?"

ಮಾಮಾ ಅಪ್ಪನ ಮುಖ ನೋಡಿದ, ಆಮೇಲೆ ಬಾಗಿಲ ಕಡೆ.

"ಎಲ್ಲಾರೂ ಹಂಗ ಮಾಡ್ತಾರ ಅಕ್ಕಾ. ಮುಂದ ರೆಗ್ಯುಲರ್ ಆಗ್ತದ. ಅರ್ಧಾ ಪುಣೆ ಹಿಂಗ ಅದ."

"ನಿನಗ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳು. ಗೊತ್ತಿದ್ದಿಲ್ಲ ಅಂತ ಹೇಳು, ಉಂಡಿ ತಿಂತೀನಿ."

ಆಕೆ ದಾರಿ ತೋರಿಸಿಕೊಟ್ಟಳು. ಒಂದು ಸುಳ್ಳು ಸಾಕಿತ್ತು, ಆಕೆ ನುಂಗಲು ತಯಾರಿದ್ದಳು. ಮಾಮಾ ಆ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. 'ನಿಮ್ಮ ಉದ್ಧಾರಕ್ಕಂತ ಬಂದ್ರ ನನ್ನ ಕಳ್ಳನ ಮಾಡ್ತೀರಿ' ಎಂದು ಕೂಗಿದ. ಅಪ್ಪ ಕೂಗಿದ. ಮೇಲೆ ಪ್ರದೀಪನ ಹೆಜ್ಜೆಸದ್ದು ನಿಂತಿತು. ಮಾಮಾ ಚಪ್ಪಲಿ ಮೆಟ್ಟಿಕೊಂಡು ಹೋದಾಗ ಅವ್ವ ಹೊಸ್ತಿಲವರೆಗೆ ಹೋಗಿ ನಿಂತಳು, ಕರೆಯಲಿಲ್ಲ. ಇಳಕಲ್ ಸೀರೆಯಲ್ಲೇ ದಿನವಿಡೀ ಇದ್ದಳು. ಅಂಗೈಯ ಉಂಡಿ ಬೆವರಿಗೆ ಮೆತ್ತಗಾಗಿ ಹೋಗಿತ್ತು. ಉಳಿದವನ್ನು ತಾನೂ ಮುಟ್ಟಲಿಲ್ಲ, ನಮಗೂ ಕೊಡಲಿಲ್ಲ. ಇರುವೆ ಹತ್ತಿದ ಮೇಲೆ ಓಣಿಯ ಕೋಳಿಗಳಿಗೆ ಹಾಕಿದಳು. ರವೆ ಉಂಡಿಗಾಗಿ ನಾನು ಅತ್ತದ್ದು ಖರೆ.

ಮಾಮಾನೂ ಅದೇ ಬಿಲ್ಡಿಂಗಿನಲ್ಲಿ ಇನ್ನೊಂದು ಗಾಳಾ ಕೊಂಡು ಸಿಕ್ಕಿಬಿದ್ದಿದ್ದ ಎಂದು ಕೆಲವು ವರ್ಷಗಳ ಮೇಲೆ ಯಾರೋ ಹೇಳಿದರು. ಅವನೂ ಮೋಸ ಹೋದನೋ, ತಾನು ಹೊರಬರಲು ನಮ್ಮನ್ನು ಒಳಗೆ ತಳ್ಳಲು ನೋಡಿದನೋ, ಫ್ಲ್ಯಾಟು ಒಳ್ಳೆಯದೆಂದು ನಿಜಕ್ಕೂ ನಂಬಿದ್ದನೋ, ನನಗೆ ಗೊತ್ತಿಲ್ಲ. ಹೇಳಿದವರ ಮಾತನ್ನೂ ನಾನು ನಂಬಿಲ್ಲ. ಅವನು ಹಡಪ್ಸರ ಬಿಟ್ಟು ಬಾರಾಮತಿಗೆ ವಾಪಸು ಹೋದ. ಅವ್ವನ ತವರು ಅಲ್ಲಿಗೆ ಮುಗಿಯಿತು. ಆಮೇಲಿನ ಪಂಚಮಿಗಳಲ್ಲಿ ಆಕೆ ಬಾಗಿಲಿಗೆ ಬೆನ್ನು ಹಾಕಿ ಕೂತು ಅಡುಗೆ ಮಾಡುತ್ತಿದ್ದಳು. ಅಪ್ಪ ಆ ವರ್ಷವೇ ಎರಡೂ ಖೋಲಿಯನ್ನು ಅವ್ವನ ಹೆಸರಿಗೆ ಮಾಡಿಸಿದ. 'ನನಗ ಸ್ಲ್ಯಾಬ್ ಗೊತ್ತು, ಮಂದಿ ಗೊತ್ತಿಲ್ಲ' ಎಂದ. ಮುಂದೆ ಒಮ್ಮೆ ವಿಶ್ರಾಂತವಾಡಿಯಲ್ಲಿ ನಿಜಕ್ಕೂ ಒಳ್ಳೆಯದೊಂದು ಫ್ಲ್ಯಾಟು, ಬ್ಯಾಂಕೇ ಸಾಲ ಕೊಡುತ್ತೇನೆಂದು ನಿಂತಿತ್ತು. ಅವ್ವ ಅದನ್ನೂ ಬೇಡವೆಂದಳು. ಇಂದು ಅದರ ಬಾಡಿಗೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಸಂಶಯ ನಮ್ಮ ಮನೆಯನ್ನು ಉಳಿಸಿತು, ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಡಿಗೆ ವಸೂಲಿಗೆ ಹೋಗದಂತೆಯೂ ಮಾಡಿತು. ಆ ಆಸೆ ಇಟ್ಟುಕೊಂಡೇ ಅವನು ತೀರಿಕೊಂಡ.

ಅವ್ವ ಈಗಲೂ ಅದೇ ಹೊಸ್ತಿಲ ಮೇಲೆ ಕೂರುತ್ತಾಳೆ. ನನ್ನ ಮನೆಗೆ ಬಾ ಎಂದರೆ, ಬಾಡಿಗೆಯವರನ್ನು ಯಾರು ನೋಡಬೇಕು ಎನ್ನುತ್ತಾಳೆ. ಪ್ರದೀಪ ಎಂದೋ ಬೆಂಗಳೂರಿಗೆ ಹೋದ. ಈಗ ಮೇಲೆ ಇಬ್ಬರು ನರ್ಸುಗಳಿದ್ದಾರೆ, ಅವರ ಹೆಜ್ಜೆ ಆಕೆಗೆ ಬಾಯಿಪಾಠ. ಈ ಸಲ ನಾನು ಮೂರನೆಯ ಫ್ಲ್ಯಾಟೊಂದನ್ನು ನೋಡಿದೆ. ಎಲ್ಲ ತನಿಖೆ ಮಾಡಿದೆ. ನಕ್ಷೆಯಲ್ಲಿ ಮನೆಯೇ, ಗೋಡೆಗಳೆಲ್ಲ ಒಂದೇ ವಯಸ್ಸಿನವು, ಕೆಳಗಿನ ಮನೆಯವರು ಒಳ್ಳೆಯ ಮಾತಾಡಿದರು. ಬ್ಯಾಂಕೂ ಸರಿ ಎಂದಿತು. ನನ್ನ ತಲೆಯ ಮೇಲೆ ಆಗಲೇ ಎರಡು ಸಾಲಗಳಿದ್ದದ್ದರಿಂದ ಇನ್ನೊಂದು ಆಸ್ತಿ ಭದ್ರತೆಗೆ ಇದ್ದರೆ ಚೆನ್ನ ಎಂದು ಮ್ಯಾನೇಜರು ಸೂಚಿಸಿದ. ಯೆರವಡಾದ ಖೋಲಿಗಳಿಗೆ ಈಗ ಪಕ್ಕಾ ಕಾಗದಗಳಿವೆ. ಅವ್ವನ ಒಂದು ಸಹಿ ಸಾಕು. ನಾನು ಪಂಚಮಿಯ ದಿನ ಹೋದೆ. ಯಾಕೆ ಆ ದಿನವೇ ಆರಿಸಿಕೊಂಡೆ ಎಂದು ನನ್ನನ್ನು ಕೇಳಬೇಡಿ. ಕ್ಯಾಂಪಿನ ಅಂಗಡಿಯಿಂದ ತುಪ್ಪದ ರವೆ ಉಂಡಿ ಕಟ್ಟಿಸಿಕೊಂಡು ಹೋಗಿ ತಾಟಿನಲ್ಲಿ ಹಾಕಿ ಆಕೆಯ ಮುಂದಿಟ್ಟೆ. ಅವ್ವ ಒಂದು ಉಂಡಿ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

"ಪಂಚಮಿಗಿ ಅವ್ವ ಮಗಳಿಗಿ ಉಂಡಿ ಕೊಡ್ತಾಳ. ಮಗಳು ತಂದಾಳ. ಯಾವ ಕಾಗದ?"

ನಾನಿನ್ನೂ ಚೀಲ ತೆರೆದಿರಲಿಲ್ಲ. ತೆರೆದೆ. ಎಲ್ಲ ವಿವರಿಸಿದೆ, ಬಾಡಿಗೆ ಎಷ್ಟು, ಕಂತು ಎಷ್ಟು, ಒಂದೆರಡು ತಿಂಗಳು ಖಾಲಿ ಬಿದ್ದರೂ ನನ್ನ ಪಗಾರದಲ್ಲಿ ಹೇಗೆ ಹೊಂದುತ್ತದೆ. ಆಕೆ ಪೂರ್ತಿ ಕೇಳಿದಳು.

"ಎಲ್ಲಾ ಸುದ್ದ ಅದ ಅಂತಿ. ಬ್ಯಾಂಕ್ ಕೊಡ್ತದಂತಿ. ಮತ್ತ ನನ್ನ ಖೋಲಿ ಯಾಕ ಬೇಕು?"

"ಹೆಚ್ಚಿಂದು ಭದ್ರತೆ ಅಂತ, ಅಷ್ಟೇ."

"ಬ್ಯಾಂಕಿಗೇ ನಿನ್ನ ಮ್ಯಾಲ ಪೂರಾ ನಂಬಿಕಿಲ್ಲ. ನಾ ಇಡಬೇಕೇನ?"

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ಆಕೆಯ ಬಾಯಿಂದ ಕಲಿತದ್ದನ್ನೆಲ್ಲ ಊರಿಗೇ ಹೇಳುತ್ತ ತಿರುಗಿದ್ದೇನೆ, ನಾನು ನನ್ನ ಹೆತ್ತವ್ವನಿಗೆ ಮೋಸ ಮಾಡುತ್ತೇನೆಯೇ? ಕೂಗಿಯೇಬಿಟ್ಟೆ.

"ನಾ ಯಾರೋ ಏಜೆಂಟ್ ಅಲ್ಲವ್ವಾ. ನಿನ್ನ ಮಗಳು ಅದೀನಿ!"

ಅವ್ವ ನನ್ನನ್ನೇ ನೋಡಿದಳು. ಅಂದು ಅಂಗೈಯಲ್ಲಿ ಉಂಡಿ ಹಿಡಿದು ಮಾಮಾನನ್ನು ನೋಡಿದ್ದ ಅದೇ ಕಣ್ಣು.

"ಅಂವಾ ನನ್ನ ತಮ್ಮ ಇದ್ದ."

ಮೇಲೆ ನರ್ಸುಗಳಲ್ಲೊಬ್ಬಳು ಕಿಟಕಿ ತೆರೆದ ಸದ್ದು ಕೇಳಿತು. ನಾನು ಕಾಗದಗಳನ್ನು ಮಡಚಿದೆ, ಚೀಲದೊಳಗೆ ಹಾಕಿದೆ, ಚೀಲದ ಜಿಪ್ಪು ಎಳೆದೆ. ಅದು ಪೂರ್ತಿ ಮುಚ್ಚುವವರೆಗೆ ಅವ್ವ ಕಾದಳು. ಆಮೇಲೆ ಉಂಡಿ ಮುರಿದು ಅರ್ಧ ನನ್ನ ಕೈಗಿಟ್ಟು, ಇನ್ನರ್ಧ ತನ್ನ ಬಾಯಿಗೆ ಹಾಕಿಕೊಂಡಳು.

"ಛಲೋ ಆಗ್ಯಾವ," ಎಂದಳು. "ತಿನ್ನು. ಸಣ್ಣಾಕಿದ್ದಾಗ ಇದಕ್ಕ ಭಾಳ ಅತ್ತಿದ್ದೆಲ್ಲ ನೀನು."